ವಾಹನ ಪ್ರಶ್ನೋತ್ತರ: ಟೈಮಿಂಗ್ ಚೈನ್ ಕೈಕೊಟ್ಟ ಮೇಲೆ

ಪ್ರಶ್ನೆ: ಮಾನ್ಯರೇ, ನನ್ನಲ್ಲಿ 2014ರ ಮಾದರಿಯ, 1248 ಸಿಸಿ ಡೀಸೆಲ್ ಎಂಜಿನ್ನಿನ ಕಾರು ಇದೆ. ಎರಡು ವರ್ಷಗಳ ಹಿಂದೆ ಬೇರೆಯವರಿಂದ ಕೊಂಡದ್ದು. ಈಗ 1,38,000 ಕಿ.ಮೀ. ಓಡಿದೆ. ಕಳೆದ ತಿಂಗಳು ಚಿಕ್ಕಮಗಳೂರಿಗೆ ಹೋಗುವಾಗ ಮೂರನೆಯ ಗೇರಿನಲ್ಲಿ ಏರು ಹತ್ತುತ್ತಿದ್ದ ಕಾರು ಒಮ್ಮೆಲೇ ಟಕಟಕ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಅದಕ್ಕೂ ಮೊದಲು ಕೆಲವು ವಾರಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಒಂದು ಬದಿಯಿಂದ ಕರಕರ ಸದ್ದು ಬರುತ್ತಿತ್ತು. ಈಗ ಸೆಲ್ಫ್ ಹಾಕಿದರೆ ಎಂಜಿನ್ ಎಂದಿಗಿಂತ ವೇಗವಾಗಿ, ಹಗುರವಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಒಂದು ಗ್ಯಾರೇಜಿನವರು ಏನನ್ನೂ ಬಿಚ್ಚಿ ನೋಡದೆ ‘ಎಂಜಿನ್ ಪೂರ್ತಿ ಹೋಗಿದೆ, ಹಳೆಯ ಎಂಜಿನ್ ತಂದು ಕೂರಿಸೋಣ’ ಎನ್ನುತ್ತಾರೆ. ಇನ್ನೊಬ್ಬರು ಚೈನ್ ಬದಲಿಸಿದರೆ ಸಾಕು ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
— ಓದುಗರು, ಕೊಪ್ಪ

ಉತ್ತರ: ಇಬ್ಬರೂ ನೋಡದೆ ಹೇಳಿದ್ದಾರೆ, ಆದ್ದರಿಂದ ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಎಲ್ಲಕ್ಕಿಂತ ಮೊದಲು ತಾವು ಮಾಡಬೇಕಾದದ್ದು, ಇನ್ನೊಮ್ಮೆ ಸೆಲ್ಫ್ ಹಾಕದಿರುವುದು. ಬ್ಯಾಟರಿಯ ಒಂದು ತಂತಿಯನ್ನು ಕಳಚಿಟ್ಟರೆ ನೋಡಲು ಬಂದವರು ಕುತೂಹಲಕ್ಕೆ ಕೀ ತಿರುಗಿಸುವುದೂ ತಪ್ಪುತ್ತದೆ. ಪಿಸ್ಟನ್‌ಗಳ ಓಟಕ್ಕೂ, ಗಾಳಿ-ಹೊಗೆಯ ಕವಾಟಗಳಾದ ವಾಲ್ವ್‌ಗಳ ಓಟಕ್ಕೂ ಹೊಂದಾಣಿಕೆ ಇಡುವುದು ಟೈಮಿಂಗ್ ಚೈನ್. ಅದು ತಪ್ಪಿದ ಎಂಜಿನ್ನಿನಲ್ಲಿ ಸೆಲ್ಫ್ ಹಾಕಿದ ಪ್ರತಿ ಸಲವೂ ಪಿಸ್ಟನ್‌ಗಳು ಮೇಲೇರಿ, ತೆರೆದೇ ಉಳಿದಿರುವ ವಾಲ್ವ್‌ಗಳನ್ನು ಮತ್ತೆ ಗುದ್ದುತ್ತವೆ. ಮೊದಲ ಏಟಿಗೆ ಉಳಿದುಕೊಂಡ ಭಾಗ ಹತ್ತನೆಯ ಏಟಿಗೆ ಮುರಿಯಬಹುದು. ಎಂಜಿನ್ ಹಗುರವಾಗಿ ತಿರುಗುತ್ತದೆ ಎಂದು ತಾವು ಬರೆದದ್ದು ಬಹಳ ಉಪಯುಕ್ತ ಮಾಹಿತಿ. ಕಂಪ್ರೆಷನ್ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ) ಇರುವ ಡೀಸೆಲ್ ಎಂಜಿನ್ ಸೆಲ್ಫ್‌ಗೆ ಏಕಪ್ರಕಾರವಾಗಿ ತಡೆತಡೆದು ತಿರುಗುತ್ತದೆ. ಆ ತಡೆ ಇಲ್ಲವೆಂದರೆ ಸಿಲಿಂಡರ್‌ಗಳಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂದರ್ಥ.

ತಾವು ಹೇಳಿದ ಅಳತೆಯ ಎಂಜಿನ್ ಮೂಲತಃ ಫಿಯಟ್ ವಿನ್ಯಾಸದ್ದು. 2003ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದು, ನಮ್ಮಲ್ಲಿ ಮಾನೇಸರ್ ಮತ್ತು ಪುಣೆ ಬಳಿಯ ರಂಜನಗಾಂವ್‌ನಲ್ಲಿ ತಯಾರಾಗಿ, ಮಾರುತಿ, ಟಾಟಾ, ಫಿಯಟ್ ಕಾರುಗಳಿಗೆ ಬೇರೆ ಬೇರೆ ಹೆಸರಿನಲ್ಲಿ ಹೊಂದಿಕೊಂಡಿತು. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ 2020ರಲ್ಲಿ ಮಾರುತಿ ಅದನ್ನು ಕೈಬಿಟ್ಟಿತು. ಇಷ್ಟೊಂದು ಕಾರುಗಳಲ್ಲಿ ಓಡಿದ್ದರಿಂದ ಬಿಡಿಭಾಗಗಳಿಗೂ, ಅದನ್ನು ಬಿಚ್ಚಿ ಅನುಭವವಿರುವ ಮೆಕ್ಯಾನಿಕ್‌ಗಳಿಗೂ ಈಗಲೂ ಕೊರತೆಯಿಲ್ಲ. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು; ಇದೇ ಟೈಮಿಂಗ್. ಈ ಲೆಕ್ಕ ತಪ್ಪದಂತೆ ಕಾಯುವುದೇ ಚೈನಿನ ಕೆಲಸ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ತುದಿಗೆ ಬಂದಾಗ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ಅದಕ್ಕೂ ನಡುವೆ ಉಳಿಯುವ ಜಾಗ ಒಂದು ಮಿ.ಮೀ. ಆಸುಪಾಸಿನದು ಮಾತ್ರ. ಆ ಹೊತ್ತಿಗೆ ವಾಲ್ವ್ ಕೆಳಗಿಳಿದಿದ್ದರೆ ಪೆಟ್ಟು ಬೀಳದೆ ಇರುವುದಿಲ್ಲ. 2,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 33 ಸುತ್ತು ತಿರುಗುತ್ತದೆ. ಗೇರಿನಲ್ಲಿದ್ದ ಕಾರು ತನ್ನ ವೇಗದಿಂದಲೇ ಎಂಜಿನ್ನನ್ನು ಇನ್ನಷ್ಟು ಹೊತ್ತು ತಿರುಗಿಸುತ್ತದೆ. ಆದ್ದರಿಂದ ತಾವು ಕ್ಲಚ್ ಒತ್ತುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಹಾಗಿದ್ದರೂ ‘ಎಂಜಿನ್ ಪೂರ್ತಿ ಹೋಗಿದೆ’ ಎಂಬ ಮಾತನ್ನು ನಾನು ಒಪ್ಪದಿರಲು ಕಾರಣವಿದೆ. ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಓರೆಯಾಗಿ ಕೂತಿರುತ್ತವೆ. ಪಿಸ್ಟನ್ ಅವುಗಳ ಅಂಚಿಗೆ ತಗುಲಿ ಕಾಂಡವನ್ನು ಬಗ್ಗಿಸಿಬಿಡುತ್ತದೆ. ಈ ಡೀಸೆಲ್ ಎಂಜಿನ್ನಿನಲ್ಲಿ ವಾಲ್ವ್‌ಗಳು ನೆಟ್ಟಗೆ, ಪಿಸ್ಟನ್‌ಗೆ ನೇರವಾಗಿ ನಿಂತಿವೆ. ಪೆಟ್ಟು ಬಿದ್ದಾಗ ಬಲವು ಕಾಂಡದ ಉದ್ದಕ್ಕೆ ನೇರವಾಗಿ ಮೇಲಕ್ಕೆ ಹೋಗಿ, ವಾಲ್ವ್ ಮತ್ತು ಕ್ಯಾಮ್‌ಶಾಫ್ಟ್ ನಡುವಿನ ರಾಕರ್ ಆರ್ಮ್‌ಗಳನ್ನು ಮುರಿಯುತ್ತದೆ. ರಾಕರ್ ಮುರಿದ ಕೂಡಲೇ ವಾಲ್ವ್ ತನ್ನ ಸ್ಪ್ರಿಂಗಿನ ಬಲದಿಂದ ಮೇಲೆದ್ದು ಪಿಸ್ಟನ್ನಿನ ದಾರಿಯಿಂದ ಸರಿದುಬಿಡುತ್ತದೆ. ಮನೆಯ ಮೀಟರ್ ಪಕ್ಕದ ಫ್ಯೂಸ್ ಸುಟ್ಟು ಉಳಿದದ್ದನ್ನು ಕಾಯುವ ಹಾಗೆ, ಅಗ್ಗದ ರಾಕರ್‌ಗಳು ಮುರಿದು ಬೆಲೆಬಾಳುವ ಹೆಡ್ ಉಳಿದುಕೊಂಡ ಉದಾಹರಣೆಗಳು ಈ ಎಂಜಿನ್ನಿನಲ್ಲಿ ಸಾಕಷ್ಟಿವೆ. ಪ್ರತಿ ಸಲವೂ ಹೀಗೆಯೇ ಆಗುತ್ತದೆ ಎಂದಲ್ಲ. ವಾಲ್ವ್ ಬಗ್ಗಿದ, ಅಪರೂಪಕ್ಕೆ ಪಿಸ್ಟನ್ ಒಡೆದ ಪ್ರಕರಣಗಳೂ ಇವೆ. ತಮ್ಮದು ಯಾವ ಬಗೆಯದು ಎಂಬುದನ್ನು ಹಂತಹಂತವಾಗಿ ನೋಡಿಯೇ ತಿಳಿಯಬೇಕು.

ಮೊದಲು ಏನನ್ನೂ ಬಿಚ್ಚದೆ ನೋಡಬಹುದಾದದ್ದನ್ನು ನೋಡಿ. ಆಯಿಲ್ ಕಡ್ಡಿ ಎಳೆದು ಮಟ್ಟವನ್ನೂ, ಬಣ್ಣವನ್ನೂ, ಬೆರಳಿಗೆ ಲೋಹದ ಪುಡಿ ಸಿಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಸ್ಕ್ಯಾನರ್ ಹಾಕಿಸಿದರೆ ಪಿ0016 ಎಂಬ ಕೋಡ್ ಸಿಗಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ನಡುವಿನ ಹೊಂದಾಣಿಕೆ ತಪ್ಪಿದೆ ಎಂದು ಅದರ ಅರ್ಥ. ಪಿ0340 ಬಂದಿದ್ದರೆ ಕ್ಯಾಮ್ ಸೆನ್ಸರಿನ ಸಂಕೇತವೇ ಬರುತ್ತಿಲ್ಲ ಎನ್ನಬೇಕು; ಅದು ಸೆನ್ಸರಿನದೇ ದೋಷವೂ ಆಗಿರಬಹುದು, ಕ್ಯಾಮ್ ತಿರುಗದೆ ನಿಂತದ್ದರಿಂದಲೂ ಆಗಿರಬಹುದು. ಬಳಿಕ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಅಥವಾ ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್‌ಗಳನ್ನು ಕಳಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದನೆಯ ಹ್ಯಾಂಡಲ್‌ನಿಂದ ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು; ಬಲ ಹಾಕಿ ದಾಟಿಸುವವರಿಗೆ ಕಾರು ಕೊಡಬೇಡಿ. ಒಬ್ಬರು ಹೀಗೆ ತಿರುಗಿಸುವಾಗ ಇನ್ನೊಬ್ಬರು ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಟರಿ ದೀಪ ಹಿಡಿದು ಇಣುಕಿದರೆ, ಒಳಗೆ ಏನಾದರೂ ತಿರುಗುತ್ತಿದೆಯೇ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಕ್ರ್ಯಾಂಕ್ ತಿರುಗಿದರೂ ಕ್ಯಾಮ್ ಅಲುಗದಿದ್ದರೆ ಚೈನ್ ತುಂಡಾಗಿದೆ. ಎರಡೂ ತಿರುಗುತ್ತಿದ್ದರೆ ಚೈನ್ ಹಲ್ಲು ಹಾರಿರಬಹುದು, ಅಂದರೆ ಹಲ್ಲುಗಾಲಿಯ ಮೇಲೆ ಜಾರಿ ಬೇರೆ ಹಲ್ಲಿಗೆ ಕೂತಿರಬಹುದು.

ಈ ಹಂತದಲ್ಲಿ ಬಹಳ ಗ್ಯಾರೇಜುಗಳಲ್ಲಿ ಕಂಪ್ರೆಷನ್ ಗೇಜ್ ಹಾಕಿ, ‘ನಾಲ್ಕೂ ಸಿಲಿಂಡರಿನಲ್ಲಿ ಸೊನ್ನೆ’ ಎಂದು ತೋರಿಸಿ, ಅದನ್ನೇ ಎಂಜಿನ್ ಸತ್ತದ್ದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ಗೇಜ್ 20ರಿಂದ 30 ಬಾರ್ ತೋರಿಸುತ್ತದೆ ಎಂಬುದು ನಿಜ. ಆದರೆ ಟೈಮಿಂಗ್ ತಪ್ಪಿರುವಾಗ ವಾಲ್ವ್‌ಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆದಿರುವುದರಿಂದ, ಒಂದು ವಾಲ್ವ್ ಕೂಡ ಬಗ್ಗದಿದ್ದರೂ ಗೇಜ್ ಸೊನ್ನೆಯನ್ನೇ ತೋರಿಸಬಹುದು. ಟೈಮಿಂಗ್ ಸರಿಪಡಿಸುವ ಮೊದಲು ಮಾಡಿದ ಕಂಪ್ರೆಷನ್ ಪರೀಕ್ಷೆಗೆ ಬೆಲೆಯಿಲ್ಲ. ಅದರ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ.

ಬೆಲೆಯಿರುವ ಪರೀಕ್ಷೆ ಬೇರೆಯಿದೆ. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್‌ಗಳು ಹೆಡ್‌ನ ಮೇಲೆ ಪ್ರತ್ಯೇಕವಾದ ಅಲ್ಯೂಮಿನಿಯಂ ಗೂಡಿನಲ್ಲಿ ಕೂತಿವೆ. ಹೆಡ್ ತೆಗೆಯದೆಯೇ ಆ ಗೂಡನ್ನು ಮಾತ್ರ ಎತ್ತಬಹುದು. ಎತ್ತಿದರೆ ಹದಿನಾರು ರಾಕರ್‌ಗಳೂ ಕಣ್ಣೆದುರಿಗೆ ಬರುತ್ತವೆ. ಮುರಿದವುಗಳನ್ನು ಆಯಾ ಸ್ಥಾನದ ಕ್ರಮದಲ್ಲಿಯೇ ಬಿಳಿ ಬಟ್ಟೆಯ ಮೇಲೆ ಜೋಡಿಸಿ, ತುಂಡುಗಳನ್ನು ಕೂಡಿಸಿ, ಪ್ರತಿಯೊಂದೂ ಪೂರ್ತಿಯಾಗುತ್ತದೆಯೇ ಎಂದು ನೋಡಬೇಕು. ಒಂದು ರೋಲರ್, ಒಂದು ಸೂಜಿ ಬೇರಿಂಗ್ ಕಡಿಮೆಯಾದರೂ ಅದು ಚೈನ್ ಇರುವ ಬದಿಯಿಂದ ಕೆಳಗಿನ ಆಯಿಲ್ ಚೇಂಬರಿಗೆ ಬಿದ್ದಿದೆ ಎಂದು ತಿಳಿದು ಹುಡುಕಬೇಕು. ಈಗ ರಾಕರ್‌ಗಳನ್ನೆಲ್ಲ ತೆಗೆದಾಗ ವಾಲ್ವ್‌ಗಳನ್ನು ಕೆಳಗೆ ಒತ್ತುವವರು ಯಾರೂ ಇಲ್ಲ. ಸ್ಪ್ರಿಂಗ್‌ಗಳು ಎಲ್ಲವನ್ನೂ ಮುಚ್ಚಿರಬೇಕು. ವಾಲ್ವ್ ಕಾಂಡಗಳ ತುದಿಗಳ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟರೆ ಎಲ್ಲವೂ ಒಂದೇ ಮಟ್ಟದಲ್ಲಿ ಸಿಗಬೇಕು. ಯಾವುದಾದರೂ ಒಂದು ತಗ್ಗಿನಲ್ಲಿದ್ದರೆ ಅದು ಬಗ್ಗಿ, ಕಾಂಡ ಓಡಾಡುವ ಗೈಡ್ ಎಂಬ ಕೊಳವೆಯಲ್ಲಿ ಸಿಕ್ಕಿಕೊಂಡಿದೆ, ಪೂರ್ತಿ ಮುಚ್ಚುತ್ತಿಲ್ಲ ಎಂದು ಖಚಿತವಾಗಿ ಹೇಳಬಹುದು.

ಮಟ್ಟ ಸರಿಯಿದ್ದರೂ ಅಲ್ಲಿಗೇ ಬಿಡಬಾರದು. ಒಂದೊಂದೇ ಸಿಲಿಂಡರಿಗೆ ಗ್ಲೋ ಪ್ಲಗ್ ರಂಧ್ರದ ಮೂಲಕ ಕಂಪ್ರೆಸರಿನಿಂದ 6ರಿಂದ 7 ಬಾರ್ ಗಾಳಿ ಬಿಟ್ಟು ಕಿವಿಗೊಡಬೇಕು. ಗಾಳಿ ಪಿಸ್ಟನ್ನನ್ನು ತಳ್ಳಿ ಕ್ರ್ಯಾಂಕನ್ನು ತಿರುಗಿಸಬಹುದಾದ್ದರಿಂದ ಪಿಸ್ಟನ್ ಕೆಳತುದಿಯಲ್ಲಿರುವಂತೆ ನೋಡಿಕೊಂಡು, ಪುಲ್ಲಿಯ ಬೋಲ್ಟಿನ ಮೇಲೆ ಹ್ಯಾಂಡಲ್ ಬಿಡದೆ, ಕೈಗಳನ್ನು ದೂರವಿಟ್ಟು ಈ ಕೆಲಸ ಮಾಡಬೇಕು. ಗಾಳಿ ಒಳಬರುವ ಇನ್‌ಟೇಕ್ ದಾರಿಯಲ್ಲಿ ಬುಸ್ ಎಂದರೆ ಇನ್‌ಟೇಕ್ ವಾಲ್ವ್ ಸೋರುತ್ತಿದೆ. ಸೈಲೆನ್ಸರ್ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಮುಚ್ಚಳದ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್ ಅಥವಾ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಆಯಿಲ್ ಮುಚ್ಚಳದಲ್ಲಿ ತುಸು ಗಾಳಿ ಎಲ್ಲ ಎಂಜಿನ್‌ಗಳಲ್ಲಿಯೂ ಬರುತ್ತದೆ, ನಾಲ್ಕನ್ನೂ ಪರಸ್ಪರ ಹೋಲಿಸಿ ನೋಡಬೇಕು. ಇಂಜೆಕ್ಟರ್ ರಂಧ್ರದ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತುಗಳಿವೆಯೇ, ಬಿರುಕಿದೆಯೇ ಎಂದು ಕೂಡ ನೋಡಿಸಿ. ಆ ಕ್ಯಾಮೆರಾ ಈಗ ಮೊಬೈಲ್ ಫೋನಿಗೆ ಸಿಕ್ಕಿಸುವಷ್ಟು ಅಗ್ಗವಾಗಿ ಸಿಗುತ್ತದೆ; ಅದಿಲ್ಲವೆನ್ನುವ ಗ್ಯಾರೇಜಿಗೆ ತಾವೇ ಕೊಂಡುಹೋಗಬಹುದು.

ಹಾನಿ ಯಾವ ಸಿಲಿಂಡರುಗಳಲ್ಲಿ ಆಗಿದೆ ಎಂಬುದರಿಂದಲೂ ಬಹಳಷ್ಟು ತಿಳಿಯುತ್ತದೆ. ಚೈನ್ ಹಲ್ಲು ಹಾರಿದ್ದರೆ ನಾಲ್ಕೂ ಸಿಲಿಂಡರುಗಳ ಟೈಮಿಂಗ್ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತದೆ. ಹಾಗಾಗಿ ಪೆಟ್ಟಿನ ಗುರುತು ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣಬೇಕು. ಕ್ಯಾಮ್ ಗಾಲಿಗೆ 40 ಹಲ್ಲುಗಳಿವೆ ಎಂದಿಟ್ಟುಕೊಂಡರೆ ಒಂದು ಹಲ್ಲು ಹಾರಿದಾಗ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪುತ್ತದೆ. ಚೈನ್ ತುಂಡಾಗಿದ್ದರೆ ಕ್ಯಾಮ್ ಎಲ್ಲಿ ನಿಂತಿತೋ ಅಲ್ಲಿ ತೆರೆದುಕೊಂಡಿದ್ದ ವಾಲ್ವ್‌ಗಳಿಗೆ ಮಾತ್ರ ಪೆಟ್ಟು ಬೀಳುತ್ತದೆ. ಆಗ ಎರಡು ಸಿಲಿಂಡರುಗಳ ವಾಲ್ವ್‌ಗಳು ಹಾಳಾಗಿ ಉಳಿದೆರಡು ಚೆನ್ನಾಗಿರುವುದು ಅಸಹಜವಲ್ಲ. ಚೈನ್ ಹಾರಿದೆ ಎಂದು ಗೊತ್ತಾಗಿಯೂ ಒಂದೇ ಸಿಲಿಂಡರಿನಲ್ಲಿ ಹಾನಿ ಕಂಡರೆ, ಅಲ್ಲಿ ಬೇರೇನೋ ಹಳೆಯ ದೋಷ ಇದ್ದಿರಬೇಕು. ಉದಾಹರಣೆಗೆ ಮೊದಲೇ ಸವೆದಿದ್ದ ಒಂದು ರಾಕರ್ ಮುರಿದು ಚೈನಿನ ದಾರಿಗೆ ಬಿದ್ದಿರಬಹುದು.

ಗಾಳಿ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರುಗಳು ಪಾಸಾದರೆ ಹೆಡ್ ತೆಗೆಯುವ ಅಗತ್ಯವಿಲ್ಲ. ರಾಕರ್‌ಗಳ ಪೂರ್ತಿ ಸೆಟ್, ರಾಕರ್‌ಗಳಿಗೆ ಆಸರೆಯಾದ, ಈಗ ಕುಗ್ಗಿ ಕೂತಿರುವ ಹೈಡ್ರಾಲಿಕ್ ಲಿಫ್ಟರ್‌ಗಳು, ಚೈನ್, ಚೈನಿನ ಎರಡೂ ಗೈಡ್ ಪಟ್ಟಿ, ಅದನ್ನು ಬಿಗಿಯಾಗಿಡುವ ಟೆನ್ಶನರ್, ಹಲ್ಲುಗಾಲಿಗಳು, ಇಷ್ಟರಲ್ಲಿ ಕೆಲಸ ಮುಗಿಯಬಹುದು. ಮುರಿಯದೆ ಉಳಿದ ರಾಕರ್‌ಗಳನ್ನೂ ಬದಲಿಸಲು ನಾನು ಹೇಳುವುದೇಕೆಂದರೆ, ಅವೂ ಅದೇ ಪೆಟ್ಟನ್ನು ತಿಂದಿವೆ. ಕಣ್ಣಿಗೆ ಕಾಣದ ಬಿರುಕು ಸಾವಿರ ಕಿ.ಮೀ. ಕಳೆದು ಬಾಯಿಬಿಟ್ಟರೆ ಇಡೀ ಕೂಲಿ ಇನ್ನೊಮ್ಮೆ. ಕ್ಯಾಮ್‌ಶಾಫ್ಟ್‌ಗಳನ್ನು ಲೇಥ್ ಅಂಗಡಿಯಲ್ಲಿ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ಬಾಗಿವೆಯೇ ಎಂದು ನೋಡಿಸಬೇಕು. ಸೋರಿಕೆ ಕಂಡರೆ ಮಾತ್ರ ಹೆಡ್ ಕೆಳಗಿಳಿಯಲಿ. ಹೆಡ್ ತೆಗೆದಾಗ ತಪ್ಪದೆ ಮಾಡಿಸಬೇಕಾದ ಒಂದು ಅಳತೆಯನ್ನು ಅನೇಕರು ಮರೆಯುತ್ತಾರೆ: ಪ್ರತಿ ಪಿಸ್ಟನ್ನನ್ನೂ ಮೇಲ್ತುದಿಗೆ ತಂದು, ಅದು ಬ್ಲಾಕಿನ ಮಟ್ಟದಿಂದ ಎಷ್ಟು ಮೇಲಕ್ಕೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆಯಬೇಕು. ಮೂರು ಒಂದೇ ಅಳತೆಗೆ ಬಂದು ನಾಲ್ಕನೆಯದು ತಗ್ಗಿದ್ದರೆ ಅದರ ಕನೆಕ್ಟಿಂಗ್ ರಾಡ್ ಬಾಗಿದೆ, ಪಿಸ್ಟನ್ ಮೇಲ್ನೋಟಕ್ಕೆ ಎಷ್ಟೇ ಚೆನ್ನಾಗಿರಲಿ. ಪಿಸ್ಟನ್ ತಲೆಯ ಮೇಲಿನ ತೆಳುವಾದ ಗುರುತಿಗೆ ಹೆದರಬೇಕಾಗಿಲ್ಲ. ಅಂಚು ಮುರಿದಿದ್ದರೆ, ಉಗುರಿಗೆ ಸಿಗುವ ಬಿರುಕಿದ್ದರೆ, ಸಿಲಿಂಡರ್ ಗೋಡೆಯಲ್ಲಿ ಉದ್ದುದ್ದ ಗೀರುಗಳಿದ್ದರೆ ಮಾತ್ರ ಪೂರ್ತಿ ಎಂಜಿನ್ ಕೆಲಸದ ಮಾತು ಬರುತ್ತದೆ.

ಇನ್ನು ಚೈನ್ ಏಕೆ ಕೈಕೊಟ್ಟಿತು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಎಂಜಿನ್ ಮುಚ್ಚಲು ಬಿಡಬೇಡಿ. ಚೈನನ್ನು ಬಿಗಿಯಾಗಿಡುವ ಟೆನ್ಶನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಈ ಎಂಜಿನ್ನಿಗೆ ಹಿಡಿಯುವ ಆಯಿಲ್ ಸುಮಾರು 3 ಲೀಟರ್ ಮಾತ್ರ. ಅದರಲ್ಲಿ ಒಂದು ಲೀಟರ್ ಸೋರಿಯೋ ಸುಟ್ಟೋ ಹೋದರೆ ಮೂರನೆಯ ಒಂದು ಪಾಲೇ ಹೋದಂತೆ. ಜೊತೆಗೆ ಡೀಸೆಲ್ಲಿನ ಮಸಿ ಬೆರೆತ ಹಳೆಯ ಆಯಿಲ್ ಚೈನಿನ ಸಣ್ಣ ಸಣ್ಣ ಪಿನ್ನುಗಳನ್ನು ಸವೆಸುತ್ತದೆ. ಹಿಂದಿನ ಮಾಲೀಕರು ಆಯಿಲ್ ಬದಲಿಸಿದ ದಾಖಲೆ ಇದೆಯೇ ಎಂದು ಹುಡುಕಿ. ಬಹುಶಃ ಕಾರಣ ಅಲ್ಲಿಯೇ ಸಿಕ್ಕೀತು. ಟೈಮಿಂಗ್ ಕವರ್ ತೆಗೆಯಲು ಹೇಗೂ ಚೇಂಬರ್ ಬಿಚ್ಚಲೇಬೇಕು. ಆಗ ಆಯಿಲ್ ಹೀರುವ ಜಾಲರಿ ಕಟ್ಟಿಕೊಂಡಿದೆಯೇ, ಆ ಕವರಿನೊಳಗೇ ಇರುವ ಆಯಿಲ್ ಪಂಪ್ ಗೀರಿದೆಯೇ ಎಂದು ನೋಡಿಸಿ, ಒಂದು ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ ಬೇರಿಂಗ್ ಪರೀಕ್ಷಿಸಿ. ಆಯಿಲ್ ಸಾಲದೆ ಚೈನ್ ಹೋಗಿದ್ದರೆ ಅದೇ ಆಯಿಲನ್ನು ನಂಬಿದ ಟರ್ಬೊ ಮತ್ತು ಬೇರಿಂಗ್‌ಗಳೂ ನರಳಿರುತ್ತವೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹತ್ತಲಿಲ್ಲ ಎಂಬುದು ಸಮಾಧಾನದ ಮಾತಲ್ಲ. ಸಾಮಾನ್ಯವಾಗಿ ಒತ್ತಡ ಅರ್ಧ ಬಾರಿನ ಆಸುಪಾಸಿಗೆ ಕುಸಿದ ಮೇಲೆಯೇ ಅದು ಹತ್ತುವುದು.

ಒಟ್ಟಿನಲ್ಲಿ, ಕ್ಯಾಮ್ ಗೂಡು ಎತ್ತಿ ಗಾಳಿ ಪರೀಕ್ಷೆ ಮಾಡುವ ಕೂಲಿಯನ್ನಷ್ಟೇ ಮೊದಲು ಒಪ್ಪಿಕೊಳ್ಳಿ. ಅದರ ಫಲಿತಾಂಶವನ್ನು ಸಿಲಿಂಡರ್‌ವಾರು ಬರೆಸಿಕೊಂಡ ಮೇಲೆ ಮುಂದಿನ ಅಂದಾಜು ಪಟ್ಟಿ ಕೇಳಿ. ಇದಕ್ಕೆ ಒಪ್ಪದ ಗ್ಯಾರೇಜಿಗಿಂತ, ಟೋ ಮಾಡಿಸಿ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಒಯ್ಯುವುದು ಲೇಸು.

ಪ್ರಶ್ನೆ: ನಾನು ಹಾವೇರಿಯಲ್ಲಿ ಸಣ್ಣ ಗ್ಯಾರೇಜ್ ನಡೆಸುತ್ತೇನೆ. ಚೈನ್ ಹಾರಿದ್ದ ಇದೇ ಬಗೆಯ ಡೀಸೆಲ್ ಎಂಜಿನ್ನಿಗೆ ಹೊಸ ಚೈನ್ ಹಾಕಿದೆ. ಬಿಚ್ಚುವ ಮೊದಲು ಹಲ್ಲುಗಾಲಿಗಳಿಗೂ ಚೈನಿಗೂ ಬಿಳಿ ಬಣ್ಣದ ಗುರುತು ಹಾಕಿಕೊಂಡು, ಹೊಸ ಚೈನನ್ನು ಅದೇ ಲೆಕ್ಕಕ್ಕೆ ಕೂರಿಸಿದೆ. ಮುರಿದ ರಾಕರ್‌ಗಳನ್ನೂ ಬದಲಿಸಿದ್ದೇನೆ. ಎಂಜಿನ್ ಕಷ್ಟಪಟ್ಟು ಸ್ಟಾರ್ಟ್ ಆಗುತ್ತದೆ, ಬಿಳಿ ಹೊಗೆ ಬರುತ್ತದೆ, ಎಳೆತವಿಲ್ಲ. ಇಂಜೆಕ್ಟರ್ ಹೋಗಿದೆಯೇ?
— ಓದುಗರು, ಹಾವೇರಿ

ಉತ್ತರ: ಇಂಜೆಕ್ಟರಿಗೆ ಹಣ ಹಾಕುವ ಮೊದಲು ತಮ್ಮ ಗುರುತುಗಳನ್ನೇ ಸಂಶಯಿಸಿ. ಚೈನ್ ಹಾರಿದ ಮೇಲೆ ಹಾಕಿದ ಗುರುತು, ಹಾರಿದ ಸ್ಥಿತಿಯದೇ ಗುರುತು. ತಾವು ತಪ್ಪಿದ್ದ ಟೈಮಿಂಗನ್ನೇ ಹೊಸ ಚೈನಿನಲ್ಲಿ ನಿಷ್ಠೆಯಿಂದ ನಕಲು ಮಾಡಿದ್ದೀರಿ. ಎಂಜಿನ್ನಿನ ಸುದೈವಕ್ಕೆ ಅದು ಒಂದು ಹಲ್ಲಿನಷ್ಟೇ ತಪ್ಪಿರಬೇಕು, ಇಲ್ಲವಾದರೆ ಹೊಸ ರಾಕರ್‌ಗಳೂ ಮುರಿಯುತ್ತಿದ್ದವು. ವಾಲ್ವ್‌ಗಳು ತಡವಾಗಿ ಮುಚ್ಚಿದರೆ ಕಂಪ್ರೆಷನ್ ಕುಸಿದು ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್ಲೇ ಬಿಳಿ ಹೊಗೆಯಾಗಿ ಹೊರಬರುತ್ತದೆ.

ಈ ಎಂಜಿನ್ನಿನ ಟೈಮಿಂಗ್ ಕೂರಿಸಲು ಬಣ್ಣದ ಗುರುತನ್ನು ನೆಚ್ಚಬಾರದು. ಕ್ಯಾಮ್ ಗಾಲಿಯನ್ನು ಶಾಫ್ಟಿಗೆ ಕೀಲಿ ಹಾಕಿ ಕೂರಿಸಿಲ್ಲ. ನಡುವಿನ ಬೋಲ್ಟಿನ ಬಿಗಿತವೊಂದೇ ಅದನ್ನು ಹಿಡಿದಿದೆ. ಆದ್ದರಿಂದ ಎರಡೂ ಕ್ಯಾಮ್‌ಶಾಫ್ಟ್‌ಗಳನ್ನು ಗೂಡಿನ ಹೊರಗಿನಿಂದ ತಿರುಪಿ ಹಾಕುವ ಲಾಕಿಂಗ್ ಪಿನ್‌ಗಳಿಂದಲೂ, ಕ್ರ್ಯಾಂಕನ್ನು ಅದರದೇ ಪಿನ್ನಿನಿಂದಲೂ ನಿಲ್ಲಿಸಿಕೊಂಡು, ಗಾಲಿಯನ್ನು ಸಡಿಲವಾಗಿಟ್ಟು ಚೈನ್ ಹಾಕಿ, ಟೆನ್ಶನರ್ ಬಿಟ್ಟು ಚೈನ್ ಬಿಗಿದ ಮೇಲೆಯೇ ಗಾಲಿಯ ಬೋಲ್ಟನ್ನು ಕೈಪಿಡಿಯಲ್ಲಿ ಕೊಟ್ಟ ಟಾರ್ಕಿಗೆ ಬಿಗಿಯಬೇಕು. ಬಿಗಿಯುವಾಗ ಗಾಲಿಯನ್ನು ಬೇರೆ ಸಾಧನದಿಂದ ಹಿಡಿಯಿರಿ. ಆ ಬಲವನ್ನೆಲ್ಲ ಪಿನ್ನಿನ ಮೇಲೆ ಹಾಕಿದರೆ ಪಿನ್ನೋ ಶಾಫ್ಟೋ ಹಾಳಾಗುತ್ತದೆ. ನಂತರ ಪಿನ್ನುಗಳನ್ನು ತೆಗೆದು, ಕೈಯಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಮತ್ತೆ ಎಲ್ಲ ಪಿನ್ನುಗಳೂ ಸಲೀಸಾಗಿ ಹೊಕ್ಕರೆ ಮಾತ್ರ ಟೈಮಿಂಗ್ ಸರಿ. ಒಂದು ಹೊಗದಿದ್ದರೂ ಮೊದಲಿನಿಂದ ಮಾಡಬೇಕು. ಪಿನ್ ಸೆಟ್ಟಿನ ಬೆಲೆ ಒಂದು ಇಂಜೆಕ್ಟರಿಗಿಂತ ಕಡಿಮೆ. ಈ ಎಂಜಿನ್ ಕೆಲಸ ಒಪ್ಪಿಕೊಳ್ಳುವವರಲ್ಲಿ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಪಿನ್ನುಗಳಿಗೆ ಸರಿಯಾಗಿ ಕೂರಿಸಿದ ಮೇಲೆಯೂ ಹೊಗೆ ನಿಲ್ಲದಿದ್ದರೆ ಆಗ ಕಂಪ್ರೆಷನ್ ನೋಡಿ. ಯಾವುದೋ ಒಂದು ಸಿಲಿಂಡರ್ ಕಡಿಮೆಯಿದ್ದರೆ ಹೆಡ್ ತೆಗೆಯುವುದು ಅನಿವಾರ್ಯ. ಹೆಡ್ಡನ್ನು ಪೋರ್ಟ್‌ಗಳು (ಗಾಳಿ, ಹೊಗೆಯ ದಾರಿಗಳು) ಮೇಲಾಗುವಂತೆ ಮಗುಚಿ, ಅವುಗಳಿಗೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದು ಹತ್ತು ನಿಮಿಷ ಬಿಟ್ಟರೆ ಸೋರುವ ವಾಲ್ವ್ ತಾನೇ ತೋರುತ್ತದೆ. ಬಗ್ಗಿದ ವಾಲ್ವನ್ನು ಪೇಸ್ಟ್ ಹಾಕಿ ತಿಕ್ಕಿ ಸರಿಮಾಡಲು ಹೋಗಬೇಡಿ. ಅದು ಒಂದು ಬದಿಗೆ ಮಾತ್ರ ಕೂರುತ್ತದೆ, ಸೀಟನ್ನೂ ಕೆಡಿಸುತ್ತದೆ. ವಾಲ್ವ್ ಬಗ್ಗಿದ ಕಡೆ ಗೈಡ್ ಕೂಡ ಬಿರುಕು ಬಿಟ್ಟಿರಬಹುದು, ಅದನ್ನು ತೊಳೆದು ದೀಪದಲ್ಲಿ ನೋಡಬೇಕು. ಹೆಡ್ ಮೇಲ್ಮೈಯನ್ನು ನೇರಪಟ್ಟಿ, ಫೀಲರ್ ಗೇಜ್ ಹಿಡಿದು ಪರೀಕ್ಷಿಸಿ. ಬಾಗಿಲ್ಲದಿದ್ದರೆ ರೂಢಿಗೆಂದು ಫೇಸಿಂಗ್ (ಮೇಲ್ಮೈ ಕೆರೆದು ಸಮಮಾಡುವುದು) ಮಾಡಿಸಬೇಡಿ. ಡೀಸೆಲ್ಲಿನಲ್ಲಿ ಹೆಡ್‌ನಿಂದ ತೆಗೆದ ಪ್ರತಿ ಪದರವೂ ವಾಲ್ವನ್ನು ಪಿಸ್ಟನ್ನಿಗೆ ಇನ್ನಷ್ಟು ಹತ್ತಿರ ತರುತ್ತದೆ. ಹೆಡ್ ಬೋಲ್ಟುಗಳು ಬಿಗಿಯುವಾಗ ಹಿಗ್ಗುವ ಬಗೆಯವು, ಹೊಸದನ್ನೇ ಹಾಕಿ. ಇಂಜೆಕ್ಟರುಗಳ ತಾಮ್ರದ ವಾಷರ್‌ಗಳೂ ಹೊಸದಿರಲಿ. ಮೊದಲ ಸಲ ಸೆಲ್ಫ್ ಹಾಕುವಾಗ ಡೀಸೆಲ್ ಹೋಗದಂತೆ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿಟ್ಟು, ಆಯಿಲ್ ದೀಪ ಆರುವವರೆಗೆ ತಿರುಗಿಸಿ, ಬಳಿಕವೇ ಸ್ಟಾರ್ಟ್ ಮಾಡಿ. 1,000 ಕಿ.ಮೀ. ಓಡಿದೊಡನೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಬಿಡಿಸಿ ಲೋಹದ ಚೂರುಗಳಿವೆಯೇ ನೋಡಿ.

ಪ್ರಶ್ನೆ: ನಮ್ಮದು 1.2 ಲೀಟರ್ ಪೆಟ್ರೋಲ್ ಕಾರು, 72,000 ಕಿ.ಮೀ. ಆಗಿದೆ. ಬೆಳಗಿನ ಸ್ಟಾರ್ಟ್‌ನಲ್ಲಿ ಎರಡು ಸೆಕೆಂಡು ಕರಕರ ಸದ್ದು ಬಂದು ನಿಲ್ಲುತ್ತದೆ. ಚೆಕ್ ಎಂಜಿನ್ ದೀಪವೂ ಹತ್ತಿದೆ. ಕೋಡ್ ಪಿ0016 ಎಂದರು, ಅಳಿಸಿ ಕಳುಹಿಸಿದರು, ವಾರದಲ್ಲಿ ಮತ್ತೆ ಬಂತು. ನಾನು ದಿನವೂ ಶಾಲೆಗೆ ಹೋಗಿಬರುವುದು ನಾಲ್ಕು ಕಿ.ಮೀ. ಮಾತ್ರ. ಓಡಿಸಬಹುದೇ?
— ಓದುಗ ಶಿಕ್ಷಕಿ, ಮೈಸೂರು

ಉತ್ತರ: ಕೋಡ್ ಅಳಿಸುವುದು ದುರಸ್ತಿಯಲ್ಲ ಎಂದು ಅವರಿಗೆ ವಿನಯದಿಂದಲೇ ಹೇಳಿ. ಸದ್ದು ಮಾತ್ರ ಇದ್ದಿದ್ದರೆ, ರಾತ್ರಿಯೆಲ್ಲ ನಿಂತಾಗ ಟೆನ್ಶನರಿನ ಆಯಿಲ್ ಕೆಳಗಿಳಿದು ಬೆಳಗ್ಗೆ ತುಂಬಿಕೊಳ್ಳುವವರೆಗೆ ಚೈನ್ ಬಡಿಯುತ್ತಿದೆ ಎಂದುಕೊಳ್ಳಬಹುದಿತ್ತು. ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ಕವಾಟ ಸರಿಯಿಲ್ಲದ ಅಗ್ಗದ ಫಿಲ್ಟರ್ ಹಾಕಿದ್ದರೂ ಹೀಗಾಗುತ್ತದೆ. ಸದ್ದು ಮತ್ತು ಪಿ0016 ಎರಡೂ ಸೇರಿದಾಗ ಚೈನ್ ಉದ್ದವಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಉದ್ದವಾಗುವುದೆಂದರೆ ಉಕ್ಕು ಹಿಗ್ಗುವುದಲ್ಲ. ಕೊಂಡಿಗಳ ಪಿನ್ನು, ಬುಷ್ಷುಗಳು ಸವೆದು ಪ್ರತಿ ಕೊಂಡಿಯಲ್ಲಿಯೂ ಕೂದಲೆಳೆಯಷ್ಟು ಸಡಿಲ ಸೇರಿಕೊಳ್ಳುವುದು. ತಮ್ಮದು ದಿನಕ್ಕೆ ನಾಲ್ಕು ಕಿ.ಮೀ. ಓಟ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಆಗ ಉರಿಯದ ಪೆಟ್ರೋಲೂ ತೇವಾಂಶವೂ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತವೆ. ಮೀಟರಿನಲ್ಲಿ ಕಿ.ಮೀ. ಕಡಿಮೆಯಿದ್ದರೂ ಆಯಿಲ್ ಹಳತಾಗಿರುತ್ತದೆ, ಆದ್ದರಿಂದ ತಾವು ಕಿ.ಮೀ. ನೋಡದೆ ವರ್ಷಕ್ಕೊಮ್ಮೆ, ಸಾಧ್ಯವಾದರೆ ಅದಕ್ಕೂ ಮುಂಚೆ, ಬದಲಿಸಬೇಕು.

ಆದರೂ ನೇರವಾಗಿ ಚೈನ್ ಬಿಚ್ಚಿಸುವುದು ಬೇಡ. ಆಯಿಲ್ ಮಟ್ಟ ನೋಡಿಸಿ. ಕಾರಿನಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆಯಿದ್ದರೆ ಅದರ ಆಯಿಲ್ ಕವಾಟ ಮಸಿ ಕಟ್ಟಿ ಸಿಕ್ಕಿಕೊಂಡಿದ್ದರೂ ಇದೇ ಕೋಡ್ ಬರುತ್ತದೆ, ಅದನ್ನು ತೊಳೆಸಿ. ಸೆನ್ಸರ್ ತಂತಿಗಳನ್ನು ನೋಡಿಸಿ. ಬಳಿಕ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಅಲೆಗಳನ್ನು, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಒಟ್ಟಿಗೆ ಹಿಡಿದು, ಅದೇ ಮಾದರಿಯ ಸರಿಯಾದ ಕಾರಿನ ಅಲೆಗಳ ಜೊತೆ ಹೋಲಿಸಿದರೆ, ಒಂದು ಬೋಲ್ಟನ್ನೂ ಬಿಚ್ಚದೆ ಟೈಮಿಂಗ್ ಎಷ್ಟು ಡಿಗ್ರಿ ಸರಿದಿದೆ ಎಂದು ತಿಳಿಯುತ್ತದೆ. ಅದು ಖಚಿತವಾಗುವವರೆಗೆ ಕಾರನ್ನು ಮನೆಯಲ್ಲಿ ನಿಲ್ಲಿಸಿ. ಈಗ ಬದಲಿಸಿದರೆ ಚೈನ್ ಸೆಟ್ಟಿನ ಖರ್ಚು ಮಾತ್ರ. ಪೆಟ್ರೋಲ್ ಎಂಜಿನ್ನಿನಲ್ಲಿ ಚೈನ್ ಹಾರಿದ ಮೇಲೆ ವಾಲ್ವ್‌ಗಳು ಉಳಿಯುವ ಸಂಭವ ಕಡಿಮೆ.

ಪ್ರಶ್ನೆ: ಚೈನ್ ತುಂಡಾಗಿ ಎಂಜಿನ್ ಹಾಳಾದರೆ ಸಮಗ್ರ ವಿಮೆಯಲ್ಲಿ ಹಣ ಸಿಗುತ್ತದೆಯೇ? ಸಿಗದಿದ್ದರೆ ಗುಜರಿಯಿಂದ ಹಳೆಯ ಎಂಜಿನ್ ತಂದು ಹಾಕಬಹುದೇ?
— ಓದುಗರು, ಬೆಂಗಳೂರು

ಉತ್ತರ: ಸಿಗುವುದಿಲ್ಲ. ಸಾಮಾನ್ಯ ಮೋಟಾರು ವಿಮೆ ಅಪಘಾತ, ಬೆಂಕಿ, ಕಳವು, ನೆರೆಯಂತಹ ಹಾನಿಗಳಿಗೆ. ಸವೆತವನ್ನೂ, ಯಾಂತ್ರಿಕ ವೈಫಲ್ಯವನ್ನೂ ಪಾಲಿಸಿಯಲ್ಲಿಯೇ ಹೊರಗಿಟ್ಟಿರುತ್ತಾರೆ. ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವಚವೂ ಸಾಮಾನ್ಯವಾಗಿ ನೀರು ನುಗ್ಗಿದ್ದಕ್ಕೆ, ಕೆಳಗೆ ಕಲ್ಲು ಬಡಿದು ಆಯಿಲ್ ಸೋರಿದ್ದಕ್ಕೆ ಅನ್ವಯಿಸುತ್ತದೆ. ಕಲ್ಲು ಬಡಿದು ಚೇಂಬರ್ ಒಡೆದು, ಆಯಿಲ್ ಖಾಲಿಯಾಗಿ ಚೈನ್ ಹೋಗಿದ್ದರೆ ಮಾತ್ರ, ಕಾರನ್ನು ಬಿಚ್ಚುವ ಮೊದಲೇ ಸರ್ವೇಯರ್‌ಗೆ ತೋರಿಸಿ ಕೇಳಿ ನೋಡಬಹುದು.

ಹಳೆಯ ಎಂಜಿನ್ ಹಾಕುವುದಕ್ಕೆ ನಾನು ಪೂರ್ತಿ ವಿರೋಧಿಯಲ್ಲ. ರಾಡ್ ಬಾಗಿ, ಬ್ಲಾಕ್ ಗೀರಿ, ಕ್ರ್ಯಾಂಕ್ ಕೂಡ ಹಾಳಾಗಿದ್ದರೆ ಅದೇ ಅಗ್ಗ. ಆದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುವ ಎಂಜಿನ್ನಿನ ಚೈನ್ ಎಷ್ಟು ಸವೆದಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕೂರಿಸುವ ಮೊದಲು, ಎಂಜಿನ್ ನೆಲದ ಮೇಲಿರುವಾಗಲೇ, ಗಾಳಿ ಪರೀಕ್ಷೆ ಮಾಡಿಸಿ, ಚೇಂಬರ್ ಬಿಚ್ಚಿ ನೋಡಿಸಿ, ಹೊಸ ಚೈನ್ ಸೆಟ್ ಹಾಕಿಸಿಬಿಡಿ. ಕಾರಿನೊಳಗೆ ಕೂತ ಮೇಲೆ ಅದೇ ಕೆಲಸಕ್ಕೆ ಕೂಲಿ ಹೆಚ್ಚು. ಎಂಜಿನ್ ಬಂದ ಕಾರಿನ ದಾಖಲೆ ಮತ್ತು ರಸೀದಿ ಇಲ್ಲದೆ ಕೊಳ್ಳಬೇಡಿ, ಕಳವಿನ ಮಾಲಾಗಿದ್ದರೆ ತೊಂದರೆ ತಮಗೆ. ಎಂಜಿನ್ ಸಂಖ್ಯೆ ಬದಲಾದದ್ದನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿ, ವಿಮಾ ಕಂಪನಿಗೂ ತಿಳಿಸಬೇಕು.

ಪ್ರಶ್ನೆ: ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಕಾರು ನಿಲ್ಲಿಸಿದರೆ ಚೈನ್ ಹಾರುತ್ತದೆ ಎನ್ನುತ್ತಾರೆ. ನಮ್ಮ ಊರಿನಲ್ಲಿ ಸಮತಟ್ಟು ಜಾಗವೇ ಇಲ್ಲ.
— ಓದುಗರು, ಮಡಿಕೇರಿ

ಉತ್ತರ: ಚೈನೂ ಟೆನ್ಶನರೂ ಚೆನ್ನಾಗಿರುವ ಕಾರಿಗೆ ಈ ಭಯ ಬೇಡ. ಸವೆದ ಚೈನಿಗೆ ಮಾತ್ರ ಮಾತಿನಲ್ಲಿ ಹುರುಳಿದೆ: ಎಂಜಿನ್ ನಿಂತಾಗ ಟೆನ್ಶನರಿಗೆ ಆಯಿಲ್ ಒತ್ತಡವಿಲ್ಲ, ಏರಿಗೆ ಮುಖಮಾಡಿ ಒಂದನೆಯ ಗೇರಿನಲ್ಲಿಟ್ಟ ಕಾರು ತುಸು ಹಿಂದೆ ಜರುಗಿದರೆ ಎಂಜಿನ್ ಉಲ್ಟಾ ತಿರುಗಿ, ಚೈನಿನ ಸಡಿಲವೆಲ್ಲ ಬೇರೆ ಬದಿಗೆ ಸೇರುತ್ತದೆ. ಗೇರ್ ಹಾಕುವುದನ್ನು ಬಿಡಬೇಡಿ, ಕ್ರಮವನ್ನು ಬದಲಿಸಿ. ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಕಾಲಿನ ಬ್ರೇಕನ್ನು ನಿಧಾನವಾಗಿ ಬಿಟ್ಟು ಕಾರಿನ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂತದ್ದನ್ನು ಖಾತ್ರಿ ಮಾಡಿಕೊಂಡು, ಎಂಜಿನ್ ಆರಿಸಿ, ಕೊನೆಗೆ ಗೇರ್ ಹಾಕಿ. ಕಡಿದಾದ ಕಡೆ ಚಕ್ರಕ್ಕೊಂದು ಮರದ ಅಡ್ಡ ಕೊಡಿ. ಹ್ಯಾಂಡ್ ಬ್ರೇಕ್ ಒಂದೇ ಹಿಡಿಯದಿದ್ದರೆ ಅದನ್ನು ಟೈಟ್ ಮಾಡಿಸಿ. ಹಾಗೆಯೇ, ಕರಕರ ಸದ್ದು ಮಾಡುವ ಕಾರನ್ನು ಬ್ಯಾಟರಿ ಇಳಿದಾಗ ತಳ್ಳಿ, ಅದರಲ್ಲಿಯೂ ರಿವರ್ಸ್ ಇಳಿಜಾರಿನಲ್ಲಿ ಜಾರಿಸಿ, ಸ್ಟಾರ್ಟ್ ಮಾಡಲು ಹೋಗಬೇಡಿ. ಜಂಪರ್ ಕೇಬಲ್ ಒಂದನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ.